ಕುಮಾರರಾಮ ಯಾವ ಕಪಾಟಿನಲ್ಲಿದ್ದಾನೆ?

ಗಂಗಾವತಿ ಸಮೀಪದ ಹೇಮಗುಡ್ಡದ ಕೋಟೆಯನ್ನು ಜನ ಕಂಪಿಲರಾಯ ಹಾಗೂ ಅವನ ಮಗ ಕುಮಾರರಾಮನ ಹೆಸರಿನೊಂದಿಗೆ ಸೇರಿಸಿಯೇ ಹೇಳುತ್ತಾರೆ. ಈ ಕೋಟೆಯ ಬಗ್ಗೆ ಪ್ರಬಂಧ ಬರೆಯಹೊರಟ ವಿದ್ಯಾರ್ಥಿ ಗ್ರಂಥಾಲಯದಲ್ಲಿ ‘ಕೊಪ್ಪಳ ಜಿಲ್ಲೆ’ ಎಂದಷ್ಟೇ ಹುಡುಕಿದರೆ ಬರಿಗೈಯಲ್ಲಿ ಹಿಂತಿರುಗುವ ಸಂಭವವೇ ಹೆಚ್ಚು. ಪುಸ್ತಕಗಳಿಲ್ಲವೆಂದಲ್ಲ, ಹುಡುಕಿದ ಹೆಸರು ತೀರ ಹೊಸದು.

ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಈ ಸೀಮೆಯೆಲ್ಲ ರಾಯಚೂರು ಜಿಲ್ಲೆಯದು. ಹೀಗಾಗಿ ಹಳೆಯ ವಿವರಗಳು ರಾಯಚೂರು ಗೆಜೆಟಿಯರಿನಲ್ಲಿವೆ. 1956ರವರೆಗೆ ಇದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿನ ಶಾಸನಗಳ ಮುಖ್ಯ ಪುಸ್ತಕಗಳು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟವಾದವು. ಸಿ.ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಕುರಿತು ಬರೆದ 1935ರ ಇಂಗ್ಲಿಷ್ ಪುಸ್ತಕದ ಶೀರ್ಷಿಕೆಯಲ್ಲಿ ಊರಿನ ಹೆಸರು ‘ಕೊಪ್‌ಬಾಳ್’ ಎಂದಿದೆ. ಇಂದಿನ ಕಾಗುಣಿತ ಹಿಡಿದು ಹುಡುಕುವವರಿಗೆ, ಕಾರ್ಡಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ, ಅದು ಕಣ್ಣಿಗೆ ಬೀಳುವುದೇ ಇಲ್ಲ. ನದಿಯಾಚೆಯ ಕಂಪ್ಲಿಯದು ಬೇರೆಯೇ ಕಥೆ: ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು.

ಹೆಸರು ಸಿಕ್ಕ ಮೇಲೆ ಕಪಾಟಿನ ಪ್ರಶ್ನೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87, ಕನ್ನಡ ಸಾಹಿತ್ಯಕ್ಕೆ 894.814. ಕುಮಾರರಾಮನಿಗೆ ಎರಡೂ ಕಡೆ ಜಾಗ ಉಂಟು. ಒಂದೇ ಕಪಾಟು ನೋಡಿದವನಿಗೆ ಅರ್ಧ ರಾಮ ಮಾತ್ರ ಸಿಗುತ್ತಾನೆ!

ಸಾಹಿತ್ಯದ ಕಪಾಟಿನಲ್ಲಿ ನಂಜುಂಡ ಕವಿಯ ಸಾಂಗತ್ಯವಿದೆ. ಅದರಲ್ಲಿ ಮಲತಾಯಿ ರತ್ನಾಜಿಯ ಮೋಹ, ಸುಳ್ಳು ದೂರು, ರಾಮನನ್ನು ಬಚ್ಚಿಟ್ಟು ಕಾಪಾಡುವ ಮಂತ್ರಿ, ಕೊನೆಗೆ ದಿಲ್ಲಿಯ ಸೈನ್ಯದೆದುರು ವೀರಮರಣ. ಇತಿಹಾಸದ ಕಪಾಟಿನಲ್ಲಿರುವ ಇಬ್ನ್ ಬತೂತನ ಪ್ರವಾಸಕಥನದಲ್ಲಿ ರತ್ನಾಜಿ ಇಲ್ಲ, ಕುಮಾರರಾಮನ ಹೆಸರೂ ಇಲ್ಲ. ಸುಲ್ತಾನನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಕಂಪಿಲರಾಯ ಆಶ್ರಯ ಕೊಟ್ಟ, ಅದಕ್ಕಾಗಿ ಯುದ್ಧವಾಯಿತು, ರಾಯ ಹೋರಾಡಿ ಸತ್ತ ಎಂಬುದು ಅವನ ನಿರೂಪಣೆ. ಸೆರೆಸಿಕ್ಕ ರಾಯನ ಮಕ್ಕಳಲ್ಲಿ ಮೂವರನ್ನು ತಾನು ಕಂಡುದಾಗಿಯೂ ಬರೆದಿದ್ದಾನೆ.

ಇವರಲ್ಲಿ ಯಾರನ್ನು ನಂಬುವುದು? ಯಾರು, ಯಾವಾಗ, ಯಾರಿಂದ ಕೇಳಿ ಬರೆದರು ಎಂದು ಮೊದಲು ನೋಡಬೇಕು. ಕಂಪಿಲಿ ಬಿದ್ದದ್ದು 1327ರ ಸುಮಾರಿಗೆ. ಬತೂತ ದಿಲ್ಲಿಗೆ ಬಂದದ್ದು ಅದಾದ ಕೆಲವು ವರ್ಷಗಳಿಗೆ; ಕಣ್ಣಾರೆ ಕಂಡವನಲ್ಲ, ಆದರೆ ಕಂಡವರ ಮಾತು ಕೇಳಿದವನು. ನಂಜುಂಡ ಸುಮಾರು ಎರಡು ಶತಮಾನ ಈಚಿನವನು. ಹಾಗೆಂದು ಸಾಂಗತ್ಯವನ್ನು ಪಕ್ಕಕ್ಕಿಡುವುದು ಅವಸರವಾದೀತು. ಯುದ್ಧದ ಕಾರಣಕ್ಕೆ ಅದು ದುರ್ಬಲ ಆಧಾರ. ಸೋತ ರಾಜಕುಮಾರನೊಬ್ಬನನ್ನು ಈ ಸೀಮೆ ಹೇಗೆ ನೆನಪಿಟ್ಟುಕೊಂಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಇಡೀ ಪುಸ್ತಕ ಓದಲು ವೇಳೆಯಿಲ್ಲದವರು ಹಿಂಬದಿಯ ಪದಸೂಚಿಯಿಂದ ಆರಂಭಿಸಬಹುದು. ‘ಹೇಮಗುಡ್ಡ’ ಸಿಗದಿದ್ದರೆ ‘ಕುಮ್ಮಟದುರ್ಗ’, ‘ಕಂಪಿಲಿ’, ‘ಗಂಗಾವತಿ’ ನೋಡಬೇಕು. ಗ್ರಂಥಋಣದ ಪಟ್ಟಿ ಮುಂದಿನ ಪುಸ್ತಕದ ದಾರಿ ತೋರಿಸುತ್ತದೆ. ಆಕರಗ್ರಂಥಗಳನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲವಾದ್ದರಿಂದ ನೋಟ್‌ಬುಕ್ ಒಯ್ಯುವುದು ಒಳಿತು. ಗುರುತು ಹಾಕಿಕೊಳ್ಳುವಾಗ ಪುಟಸಂಖ್ಯೆಯ ಜೊತೆಗೆ ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆಯೂ ಇರಲಿ.