ಇರುಳಿನ ಪ್ರಾಣಿ ಕಾಡುಪಾಪ

ನಾವೆಲ್ಲರೂ ಮಲಗುವ ಹೊತ್ತಿಗೆ ಎಚ್ಚರಗೊಳ್ಳುವ ಪುಟ್ಟ ಪ್ರಾಣಿಯೊಂದುಂಟು. ಕನ್ನಡದಲ್ಲಿ ಅದನ್ನು ಕಾಡುಪಾಪವೆಂದು ಕರೆಯುವೆವು. ನಮ್ಮ ನೆರೆಯ ತೆಲುಗಿನಲ್ಲಿ ಅದು ದೇವಾಂಗಪಿಲ್ಲಿ. ಪಿಲ್ಲಿಯೆಂದರೆ ಬೆಕ್ಕಾದರೂ ಇದು ಬೆಕ್ಕಿನ ಜಾತಿಯದಲ್ಲ, ಕೋತಿಗಳ ದೂರದ ಬಂಧು.

ಇದರ ತೂಕ ಸುಮಾರು 250 ಗ್ರಾಂ. ಬಾಲವಿಲ್ಲ, ಕೈಕಾಲುಗಳು ಕಡ್ಡಿಯಂತೆ ತೆಳುವಾಗಿವೆ. ದುಂಡನೆಯ ದೊಡ್ಡ ಕಣ್ಣುಗಳ ಒಳಗೆ ಕನ್ನಡಿಯಂತಹ ಪದರವಿರುವುದರಿಂದ ಮಂದ ಬೆಳಕಿನಲ್ಲಿಯೂ ಅದಕ್ಕೆ ಚೆನ್ನಾಗಿ ಕಾಣುವುದು. ಹಗಲೆಲ್ಲ ಎಲೆಗಳ ಮರೆಯಲ್ಲಿ ಚೆಂಡಿನಂತೆ ಮುದುಡಿ ಮಲಗಿ, ಕತ್ತಲಾದೊಡನೆ ಸದ್ದಿಲ್ಲದೆ ಹೊರಡುವುದು. ಇರುವೆ, ಗೆದ್ದಲು, ಜೀರುಂಡೆಗಳೇ ಅದರ ಮುಖ್ಯ ಆಹಾರ. ಮರಿಯನ್ನು ಇಟ್ಟುಕೊಳ್ಳಲು ಇದಕ್ಕೆ ಕಾಂಗರೂವಿನಂತೆ ಚೀಲವಿಲ್ಲ. ಎಳೆಯ ಮರಿಯು ತಾಯಿಯ ಹೊಟ್ಟೆಯನ್ನು ಅಪ್ಪಿಕೊಂಡಿರುವುದು. ಕೊಂಚ ಬೆಳೆದ ಮೇಲೆ ತಾಯಿಯು ಅದನ್ನು ಕೊಂಬೆಯ ಮೇಲೆ ಬಿಟ್ಟು ಆಹಾರಕ್ಕೆ ಹೋಗಿ ಮರಳಿ ಬರುವುದು.

ಕಾಡುಪಾಪಕ್ಕೆ ಮರದಿಂದ ಮರಕ್ಕೆ ನೆಗೆಯಲು ಬಾರದು. ಆದುದರಿಂದ ಕೊಂಬೆಗೆ ಕೊಂಬೆ ತಾಗುವ ಮರಗಳನ್ನು ಕಡಿದರೆ ಅದರ ದಾರಿಯೇ ಮುಚ್ಚಿಹೋಗುವುದು. ಮಾಟಮಂತ್ರಕ್ಕೂ ನಾಟಿ ಮದ್ದಿಗೂ ಬೇಕೆಂಬ ಮೂಢನಂಬಿಕೆಯಿಂದ ಈ ನಿರುಪದ್ರವಿ ಜೀವವನ್ನು ಹಿಡಿದು ಹಿಂಸಿಸುವುದೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. 2022ರಲ್ಲಿ ತಮಿಳುನಾಡು ಸರಕಾರವು ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯವನ್ನು ಘೋಷಿಸಿತು. ಆದರೆ ತುಮಕೂರು ಜಿಲ್ಲೆಯ ನಾಗವಲ್ಲಿಯಂತಹ ಕಡೆ ಅದು ಊರ ಸಮೀಪದ ಮರಗಳಲ್ಲಿಯೇ ಕಂಡುಬಂದಿದೆ. ಅಲ್ಲಿ ಅದರ ಉಳಿವು ಊರವರ ತಿಳಿವಳಿಕೆಯನ್ನು ಅವಲಂಬಿಸಿದೆ.

ಮಕ್ಕಳೇ, ಎಲ್ಲಿಯಾದರೂ ಕಾಡುಪಾಪವನ್ನು ಕಂಡರೆ ಹಿಡಿಯಬೇಡಿರಿ, ಕಣ್ಣಿಗೆ ಬೆಳಕು ಬಿಡಬೇಡಿರಿ. ಅದು ಗಾಯಗೊಂಡಿದ್ದರೆ ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿರಿ.