ಬೆಟ್ಟ ಬಲ್ಲ ಸೋಲಿಗರಿಗೆ ಬರೀ ಕೂಲಿ ಸಾಕೇ?

ರಜೆ ಬಂತೆಂದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಜನವೋ ಜನ. ರಂಗಪ್ಪನ ದರ್ಶನ, ಜೀಪಿನಲ್ಲಿ ಒಂದು ಸುತ್ತು, ಆನೆಯೋ ಕಾಟಿಯೋ ಕಂಡರೆ ಒಂದು ಫೋಟೋ. ಅಲ್ಲಿಗೆ ಟೂರು ಮುಗೀತು! ಆ ಕಾಡನ್ನು ಅಂಗೈ ಗೆರೆಯಂತೆ ಬಲ್ಲ ಸೋಲಿಗರು ಬಂದವರ ಕಣ್ಣಿಗೆ ಬೀಳುವುದೇ ಅಪರೂಪ. ಬಿದ್ದರೂ ಕೂಲಿಯಾಳಾಗಿ, ಇಲ್ಲವೇ ಫೋಟೋಕ್ಕೆ ನಿಲ್ಲುವ 'ಕಾಡು ಜನ'ರಾಗಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೇ?

ಇವರಿಗೇನು ಮಹಾ ಗೊತ್ತು ಅಂತೀರಾ? ಒಂದೇ ಉದಾಹರಣೆ ಸಾಕು. ಬೇಸಿಗೆ ಬಲಿಯುವ ಮುನ್ನವೇ ಸೋಲಿಗರು ಒಣಗಿದ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದೇ 'ತರಗು ಬೆಂಕಿ'. ನೆಲದ ಕಸ ಸುಡುತ್ತಿತ್ತು, ದೊಡ್ಡ ಮರಗಳು ಉಳಿಯುತ್ತಿದ್ದವು. 1974ರಲ್ಲಿ ಕಾಡು ವನ್ಯಧಾಮವಾಯಿತು. ತರಗು ಬೆಂಕಿ ನಿಂತಿತು. ಕಾಡೊಳಗಿನ ಪೋಡುಗಳನ್ನೂ ಎಬ್ಬಿಸಲಾಯಿತು. ಆಮೇಲೆ ಲಾಂಟಾನ ಪೊದೆ ಎಲ್ಲೆಡೆ ಹಬ್ಬಿತು. ನೆಲ್ಲಿ ಮರಗಳಿಗೆ 'ಉಪ್ಪಿಲು' ಎಂಬ ಬಂದಳಿಕೆ ಹತ್ತಿತು. ಬೆಂಕಿ ನಿಲ್ಲಿಸಿದ್ದೇ ಇದಕ್ಕೆ ಕಾರಣ ಎಂದು ಹಿರಿಯರು ಹೇಳಿದರೆ ಕೇಳಿದವರೆಷ್ಟು ಮಂದಿ? ಕೊನೆಗೆ ಸಂಶೋಧಕರೇ ಕಾಡು ಅಳೆದು ನೋಡಿ, ಆ ಮಾತಿನಲ್ಲಿ ಹುರುಳಿದೆ ಎಂದು ಬರೆಯಬೇಕಾಯ್ತು.

ಕಿವಿಗೊಟ್ಟರೆ ಏನಾಗುತ್ತೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಸಾಕ್ಷಿ ಇದೆ. 1987ರಲ್ಲಿ ಅಗಸ್ತ್ಯಮಲೆಗೆ ಹೋದ ವಿಜ್ಞಾನಿಗಳು ಬೆಟ್ಟ ಹತ್ತಿ ಸುಸ್ತಾಗಿದ್ದರು. ದಾರಿ ತೋರಿಸಲು ಬಂದ ಕಾಣಿ ಬುಡಕಟ್ಟಿನವರು ಮಾತ್ರ ಯಾವುದೋ ಹಣ್ಣು ತಿಂದು ಲವಲವಿಕೆಯಿಂದಿದ್ದರು. ಆ ಗಿಡವೇ 'ಆರೋಗ್ಯಪಚ್ಚ'. ಅದರಿಂದ 'ಜೀವನಿ' ಎಂಬ ಟಾನಿಕ್ ತಯಾರಾಯ್ತು. ಕಂಪನಿ ಕೊಡುವ ಲೈಸೆನ್ಸ್ ಹಣ ಮತ್ತು ರಾಯಲ್ಟಿಯಲ್ಲಿ ಅರ್ಧ ಪಾಲು ಕಾಣಿ ಜನರಿಗೇ ಎಂದು ಸಂಶೋಧನಾ ಸಂಸ್ಥೆ ಒಪ್ಪಿತು. ದಾರಿ ತೋರಿಸಿದವರು ಪಾಲುದಾರರಾದರು!

ಇಲ್ಲೂ ಕಾನೂನು ಸೋಲಿಗರ ಕಡೆಗೇ ಇದೆ. ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕುಂಟು ಎನ್ನುತ್ತದೆ 2006ರ ಅರಣ್ಯ ಹಕ್ಕು ಕಾಯಿದೆ. 2011ರಲ್ಲಿ ಬೆಟ್ಟದ ಕಾಡು ಹುಲಿ ಮೀಸಲಾಯಿತು. ಅದೇ ವರ್ಷ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥದ್ದು ದೇಶದಲ್ಲೇ ಮೊದಲು.

ಹಾಗಾದರೆ ಪ್ರವಾಸಕ್ಕೆ ಮಾತ್ರ ಬೇರೆ ನ್ಯಾಯವೇಕೆ? ಯಾವ ಹಾದಿ ತೋರಿಸಬೇಕು, ದಿನಕ್ಕೆ ಎಷ್ಟು ಜನ, ತಲೆಗೆ ಎಷ್ಟು ಹಣ ಎಂಬುದನ್ನು ತೀರ್ಮಾನಿಸುವಾಗ ಗ್ರಾಮಸಭೆಯನ್ನೂ ಕೂರಿಸಿಕೊಳ್ಳಲಿ. ಯಾವುದನ್ನು ತೋರಿಸಬಾರದು ಎಂಬ ಮಾತೂ ಅವರದೇ ಆಗಿರಲಿ. ದೊಡ್ಡ ಸಂಪಿಗೆ ಪ್ರವಾಸಿಗೆ ಬರೀ ಹಳೇ ಮರ. ಸೋಲಿಗರಿಗೆ ಅದು ದೇವರು. ಕಾಡಿನಲ್ಲಿ ಅವರ ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳಿವೆ. ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ನುಗ್ಗೋದನ್ನು ಯಾರು ತಾನೇ ಸಹಿಸ್ತಾರೆ? ಮದ್ದಿನ ಗುಟ್ಟೂ ಅಷ್ಟೇ. ಹೇಳೋದು ಬಿಡೋದು ಅವರಿಷ್ಟ.

ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸರಕು ಒಬ್ಬನದು, ಗಲ್ಲಾ ಇನ್ನೊಬ್ಬನದು ಅಂದರೆ ಅದು ಪಾಲುಗಾರಿಕೆ ಅಲ್ಲ. ಸಂಬಂಧಪಟ್ಟವರು ಇನ್ನಾದರೂ ಗಮನಿಸುವರೇ?