ಹಳೆಯ ಗಣಕಯಂತ್ರದ ಡಿಸ್ಕಿನಿಂದ ಕಡತಗಳ ಪುನಃಪ್ರಾಪ್ತಿ

ಕಳೆದ ವರ್ಷ ಮಳೆಗಾಲ ಹಿಡಿದ ಹೊಸದರಲ್ಲಿ ಭದ್ರಾವತಿಯ ನಿವೃತ್ತ ಉಪಾಧ್ಯಾಯರೊಬ್ಬರು ಗೋಣೀಚೀಲದಲ್ಲಿ ಸುತ್ತಿದ ಗಣಕಯಂತ್ರವೊಂದನ್ನು ಆಟೋರಿಕ್ಷಾದಲ್ಲಿಟ್ಟುಕೊಂಡು ನಮ್ಮ ವಿಭಾಗಕ್ಕೆ ಬಂದರು. ಶರಾವತಿಯ ಮುಳುಗಡೆಯಿಂದ ಊರು ಬಿಟ್ಟು ಬಂದು ಶಿವಮೊಗ್ಗ ಹಾಗೂ ಭದ್ರಾವತಿಯ ಸುತ್ತಣ ಹಳ್ಳಿಗಳಲ್ಲಿ ನೆಲಸಿದ ಹಿರಿಯರನ್ನು 2003ರಿಂದ 2008ರವರೆಗೆ ಅವರು ತಾವೇ ಕಂಡು, ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದರು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅಂದು ಮೂವತ್ತರ ಪ್ರಾಯದಲ್ಲಿದ್ದವರು ಉಪಾಧ್ಯಾಯರಿಗೆ ಮಾತು ಕೊಟ್ಟಾಗ ಎಪ್ಪತ್ತನ್ನು ದಾಟಿದ್ದರು. ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳು ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದು ಹೋದವು. ಕೈಬರಹದ ಪುಸ್ತಕಗಳನ್ನು, ಗಣಕಕ್ಕೆ ಏರಿಸಿಯಾಯಿತಲ್ಲ ಎಂಬ ಧೈರ್ಯದಿಂದ, ಮನೆ ಬದಲಾಯಿಸುವಾಗ ರದ್ದಿಗೆ ಹಾಕಿದ್ದರು. “ಇದರೊಳಗೆ ಮಾತನಾಡಿದವರಲ್ಲಿ ಒಬ್ಬರೂ ಈಗ ಇಲ್ಲ, ಸ್ವಾಮಿ” ಎಂದಷ್ಟೇ ಅವರು ಹೇಳಿದರು.

ಯಂತ್ರವು ಹತ್ತು ವರ್ಷಗಳಿಂದ ಚಾಲನೆಯಲ್ಲಿರಲಿಲ್ಲ. ಅದರಿಂದ ಕಡತಗಳನ್ನು ಹೊರತೆಗೆದ ಕ್ರಮವನ್ನೂ, ಆ ಕ್ರಮಕ್ಕೆ ಆಧಾರವಾದ ತತ್ತ್ವಗಳನ್ನೂ, ನಾವು ಮಾಡಿದ ಒಂದು ತಪ್ಪನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಇಂತಹ ಪೆಟ್ಟಿಗೆಗಳು ನಮ್ಮ ನಾಡಿನ ಅನೇಕ ಮನೆಗಳ ಅಟ್ಟದ ಮೇಲೆ ಇರುವುವೆಂಬುದು ನಮ್ಮ ನಂಬಿಕೆ.

ಗಣಕವು ಕೆಟ್ಟಿತೆಂದರೆ ಅದರೊಳಗಿನ ಬರಹವೂ ಕೆಟ್ಟಿತೆಂದು ತಿಳಿಯುವುದು ಸರಿಯಲ್ಲ. ವಿದ್ಯುತ್ತನ್ನು ಒದಗಿಸುವ ಭಾಗ, ಮುಖ್ಯ ಫಲಕ, ಪರದೆ ಇವುಗಳಲ್ಲಿ ಯಾವುದು ಕೆಟ್ಟರೂ ಯಂತ್ರ ನಿಲ್ಲುತ್ತದೆ. ಬರಹವಾದರೋ ಇವುಗಳಾವುದರಲ್ಲಿಯೂ ಇರುವುದಿಲ್ಲ. ಅದಿರುವುದು ಅಂಗೈಯಗಲದ ಒಂದು ಲೋಹದ ಪೆಟ್ಟಿಗೆಯಲ್ಲಿ. ಇದಕ್ಕೆ ಹಾರ್ಡ್ ಡಿಸ್ಕ್ ಎಂದು ಹೆಸರು. ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅಷ್ಟೂ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ನಮ್ಮ ಉಪಾಧ್ಯಾಯರ ಡಿಸ್ಕಿಗೆ 40 ಗಿಗಾಬೈಟು, ಅಂದರೆ 4,000 ಕೋಟಿ ಬೈಟುಗಳ ಸಾಮರ್ಥ್ಯ. ಇಂದು ಅದೂ ಅಲ್ಪವೆನಿಸಿದೆ.

ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಮಿನಿಟಿಗೆ 5,400 ಅಥವಾ 7,200 ಬಾರಿ ಸುತ್ತುತ್ತವೆ. ಹಿಂದಿನ ತಟ್ಟೆಗಳ ಮೇಲಿದ್ದ ಲೇಪವು ಕಬ್ಬಿಣದ ಆಕ್ಸೈಡು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಬಾಳಿದ ಭದ್ರಾವತಿಯವರಿಗೆ ಇದು ಅಪರಿಚಿತ ವಸ್ತುವೇನಲ್ಲ. ಈಚಿನ ತಟ್ಟೆಗಳಲ್ಲಿ ಆ ಸ್ಥಾನವನ್ನು ಕೋಬಾಲ್ಟಿನ ಮಿಶ್ರಲೋಹದ ತೆಳುಪದರವು ಪಡೆದಿದೆ. ಈ ಪದರದ ಅತಿಸೂಕ್ಷ್ಮ ಪ್ರದೇಶಗಳನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತೀಕರಿಸುವುದೇ ಬರೆಯುವಿಕೆ. ಆ ದಿಕ್ಕು ಎಲ್ಲಿ ಬದಲಾಗಿದೆಯೆಂದು ಗುರುತಿಸುವುದೇ ಓದುವಿಕೆ. ವಿದ್ಯುತ್ತು ನಿಂತರೂ ಕಾಂತತ್ವವು ಉಳಿಯುತ್ತದೆ. ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದರೂ ಬರಹವು ಉಳಿದಿರಬಹುದೆಂಬ ಆಸೆಗೆ ಇದೇ ಆಧಾರ.

ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ವೇಗದಿಂದ ಹುಟ್ಟುವ ಗಾಳಿಯ ಪದರದ ಮೇಲೆ, ಕೂದಲೆಳೆಯ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಅಂತರದಲ್ಲಿ ತೇಲುತ್ತದೆ. ಹೊರಗಿನ ಒಂದು ಧೂಳಿನ ಕಣವೂ ಆ ಅಂತರಕ್ಕೆ ಬಂಡೆಗಲ್ಲಿನಂತೆ. ಆದುದರಿಂದ ಆ ಪೆಟ್ಟಿಗೆಯ ಮುಚ್ಚಳವನ್ನು ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಸರ್ವಥಾ ತೆರೆಯತಕ್ಕದ್ದಲ್ಲ. ವಿದ್ಯುತ್ತು ಕೊಟ್ಟ ಕೂಡಲೇ ಟಕ್ ಟಕ್ ಎಂಬ ಶಬ್ದವು ಒಂದೇ ಸಮನೆ ಕೇಳಿಬಂದರೆ ಹೆಡ್ಡು ತನ್ನ ದಾರಿಯನ್ನು ಕಾಣದೆ ತಡಕಾಡುತ್ತಿದೆಯೆಂದು ತಿಳಿದು ಒಡನೆ ವಿದ್ಯುತ್ತನ್ನು ತೆಗೆಯಬೇಕು. ಅಲ್ಲಿಂದ ಮುಂದಿನದು ಧೂಳಿಲ್ಲದ ಕೊಠಡಿಯನ್ನೂ ಅದೇ ಮಾದರಿಯ ಮತ್ತೊಂದು ಡಿಸ್ಕಿನ ಬಿಡಿಭಾಗಗಳನ್ನೂ ಬೇಡುವ ಪರಿಣತರ ಕೆಲಸ. ಕೆಟ್ಟ ಡಿಸ್ಕನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ತಣ್ಣಗಾದ ಲೋಹದ ಮೇಲೆ ಶಿವಮೊಗ್ಗದ ಜುಲೈ ತಿಂಗಳ ಗಾಳಿಯು ಏನು ಮಾಡುತ್ತದೆಂಬುದನ್ನು ಅವರು ಯೋಚಿಸಿದಂತೆ ತೋರುವುದಿಲ್ಲ.

ನಮ್ಮ ಪುಣ್ಯಕ್ಕೆ ಡಿಸ್ಕು ಸದ್ದಿಲ್ಲದೆ ಸುತ್ತಿತು. ಅದು 40 ಸೂಜಿಗಳ ಹಳೆಯ ಜೋಡಣೆಯದು. 2003ರಲ್ಲಿ ಬಂದ ಸಾಟಾ ಎಂಬ ಹೊಸ ಜೋಡಣೆಯು ಇದನ್ನು ಬಳಕೆಯಿಂದ ಹೊರದೂಡಿತು. ಎರಡಕ್ಕೂ ಹೊಂದುವ, ಯುಎಸ್‌ಬಿ ತಂತಿಗೆ ಸೇರಿಸುವ ಸಣ್ಣ ಸಾಧನವು ಅಲ್ಪ ಬೆಲೆಗೆ ದೊರೆಯುತ್ತದೆ. ಅದರೊಡನೆ ಡಿಸ್ಕಿಗೆ ಬೇಕಾದ 12 ಹಾಗೂ 5 ವೋಲ್ಟುಗಳ ವಿದ್ಯುತ್ತನ್ನು ಕೊಡುವ ಪ್ರತ್ಯೇಕ ಅಡಾಪ್ಟರು ಇರುವುದು ಅವಶ್ಯ. ಕೇವಲ ಯುಎಸ್‌ಬಿ ತಂತಿಯ ವಿದ್ಯುತ್ತು ಮೇಜಿನ ಗಣಕದ ಡಿಸ್ಕನ್ನು ತಿರುಗಿಸಲಾರದು.

ಇನ್ನು ನಮ್ಮ ತಪ್ಪು. ಡಿಸ್ಕನ್ನು ವಿಂಡೋಸ್ ಇರುವ ಗಣಕಕ್ಕೆ ನೇರವಾಗಿ ಸೇರಿಸಿದೆವು. “ಈ ಡಿಸ್ಕಿನಲ್ಲಿ ದೋಷಗಳಿವೆ, ಸರಿಪಡಿಸಲೆ?” ಎಂಬರ್ಥದ ಪ್ರಶ್ನೆಯು ಪರದೆಯ ಮೇಲೆ ಮೂಡಿತು. ಪ್ರಸ್ತುತ ಲೇಖಕನು ಹೌದೆಂದು ಒತ್ತಿದನು. ಈ ಸರಿಪಡಿಸುವಿಕೆಯ ಅರ್ಥವು ಡಿಸ್ಕಿನ ಸೂಚಿಗಳನ್ನು ಪರಸ್ಪರ ಹೊಂದುವಂತೆ ತಿದ್ದಿ ಬರೆಯುವುದು ಎಂದಷ್ಟೇ. ಮಾಲೀಕನ ಬರಹವನ್ನು ಉಳಿಸುವುದು ಅದರ ಗುರಿಯಲ್ಲ. ಕೆಲವು ನಿಮಿಷಗಳಲ್ಲಿ ಎಚ್ಚತ್ತು ನಿಲ್ಲಿಸಿದೆವಾದರೂ ಅಷ್ಟರೊಳಗೆ ಒಂದು ಫೋಲ್ಡರಿನ ಸೂಚಿಯಿಂದ ಹಲವು ಹೆಸರುಗಳು ಅಳಿಸಿಹೋಗಿದ್ದವು.

ಮಾಡಬೇಕಾದದ್ದು ಬೇರೆ ಇತ್ತು. ಮೂಲ ಡಿಸ್ಕಿನ ಮೇಲೆ ಒಂದು ಬೈಟನ್ನೂ ಬರೆಯದೆ, ಅದರ ಪೂರ್ಣ ಪ್ರತಿಯನ್ನು ಮೊದಲು ಮಾಡಿಕೊಂಡು, ಮುಂದಿನ ಎಲ್ಲ ಪ್ರಯೋಗಗಳನ್ನೂ ಪ್ರತಿಯ ಮೇಲೆಯೇ ನಡೆಸಬೇಕು. ಶಾಸನವನ್ನು ಓದುವವರು ಕಲ್ಲನ್ನು ಕೆತ್ತುವುದಿಲ್ಲ, ಪಡಿಯಚ್ಚು ತೆಗೆದುಕೊಳ್ಳುತ್ತಾರಲ್ಲವೆ? ಇದಕ್ಕಾಗಿ ಗ್ನೂ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಡಿಸ್ಕಿನ ಬರಹವು 512 ಬೈಟುಗಳ ಸೆಕ್ಟರುಗಳಾಗಿ ವಿಭಾಗಗೊಂಡಿರುತ್ತದೆ. 40 ಗಿಗಾಬೈಟಿನ ಡಿಸ್ಕಿನಲ್ಲಿ ಅವು ಸುಮಾರು 7 ಕೋಟಿ 80 ಲಕ್ಷ. ಸಾಮಾನ್ಯ ನಕಲು ವಿಧಾನವು ಓದಲಾಗದ ಸೆಕ್ಟರು ಎದುರಾದಲ್ಲಿ ಕೈಚೆಲ್ಲುತ್ತದೆ, ಇಲ್ಲವೆ ಅದನ್ನೇ ಮತ್ತೆ ಮತ್ತೆ ಓದಲೆತ್ನಿಸಿ ದುರ್ಬಲವಾದ ಹೆಡ್ಡನ್ನು ದಣಿಸುತ್ತದೆ. ಡಿಡಿ-ರೆಸ್ಕ್ಯೂ ತಂತ್ರಾಂಶವು ಹಾಗಲ್ಲದೆ ಕೆಟ್ಟ ಭಾಗವನ್ನು ಹಾರಿ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಭಾಗಗಳಿಗೆ ಕಡೆಯಲ್ಲಿ ಹಿಂದಿರುಗುತ್ತದೆ. ಯಾವ ಸೆಕ್ಟರು ಬಂದಿತು, ಯಾವುದು ಉಳಿಯಿತು ಎಂಬುದನ್ನು ಒಂದು ಪಟ್ಟಿಯಲ್ಲಿ ಗುರುತಿಸುವುದರಿಂದ, ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ನಮ್ಮಲ್ಲಿ ಎರಡು ಬಾರಿ ಹೋಯಿತು. ಮೂರು ದಿನಗಳ ಬಳಿಕ ಅತ್ಯಲ್ಪ ಭಾಗವುಳಿದು ಮಿಕ್ಕೆಲ್ಲವೂ ಪ್ರತಿಗೆ ಬಂದಿತ್ತು.

ಅಳಿಸಿದ ಕಡತವು ಹೇಗೆ ಉಳಿದಿರುತ್ತದೆಂಬುದನ್ನು ಇಲ್ಲಿ ಹೇಳಬೇಕು. ಗ್ರಂಥಾಲಯದ ಸೂಚಿಪತ್ರದಿಂದ ಒಂದು ಕಾರ್ಡನ್ನು ಕಿತ್ತುಹಾಕಿದ ಮಾತ್ರಕ್ಕೆ ಕಪಾಟಿನಲ್ಲಿರುವ ಪುಸ್ತಕವು ಮಾಯವಾಗುವುದಿಲ್ಲ. ಗಣಕವು ಕಡತವನ್ನು ಅಳಿಸುವಾಗ ಬಹುಮಟ್ಟಿಗೆ ಸೂಚಿಯನ್ನು ಮಾತ್ರ ತಿದ್ದಿ, ಆ ಜಾಗವು ಖಾಲಿಯೆಂದು ಗುರುತಿಸುತ್ತದೆ. ಮತ್ತೊಂದು ಬರಹವು ಬಂದು ಅಲ್ಲಿ ಕುಳಿತುಕೊಳ್ಳುವವರೆಗೆ ಮೊದಲಿನದು ಹಾಗೆಯೇ ಇರುತ್ತದೆ. ಇಂದಿನ ಎಸ್‌ಎಸ್‌ಡಿ ಸಾಧನಗಳಿಗೆ ಈ ಮಾತು ಅನ್ವಯಿಸದೆಂಬುದನ್ನು ವಾಚಕರು ಗಮನಿಸಬೇಕು. ಖಾಲಿಯೆಂದು ಗುರುತಾದ ಜಾಗವನ್ನು ಅವು ತಾವಾಗಿಯೇ ತೊಳೆದುಬಿಡುವುದರಿಂದ ಅಳಿಸಿದ್ದು ಸಾಮಾನ್ಯವಾಗಿ ಮರಳಿ ಬಾರದು.

ಸೂಚಿಯು ಉಳಿದಿದ್ದ ಕಡತಗಳು ಹೆಸರು, ತಾರೀಖು ಸಹಿತವಾಗಿ ದೊರೆತವು. ಹೆಸರು ಕಳೆದುಕೊಂಡವುಗಳಿಗೆ ಫೋಟೋರೆಕ್ ಎಂಬ ತಂತ್ರಾಂಶವನ್ನು ಬಳಸಿದೆವು. ಇದು ಸೂಚಿಯನ್ನು ನೋಡುವುದೇ ಇಲ್ಲ. ಪ್ರತಿಯೊಂದು ಜಾತಿಯ ಕಡತಕ್ಕೂ ಆರಂಭದಲ್ಲಿ ಒಂದು ನಿಯತವಾದ ಗುರುತಿರುತ್ತದೆ; ಆ ಗುರುತನ್ನು ಹುಡುಕಿ, ಅಲ್ಲಿಂದ ಮುಂದಿನದನ್ನು ಕತ್ತರಿಸಿ ಕೊಡುತ್ತದೆ. ಕಡತವು ಡಿಸ್ಕಿನಲ್ಲಿ ಒಂದೇ ಸಾಲಿನಲ್ಲಿದ್ದರೆ ಪೂರ್ಣವಾಗಿ ಸಿಗುವುದು. ತುಂಡುತುಂಡಾಗಿ ಬೇರೆ ಬೇರೆ ಕಡೆ ಬಿದ್ದಿದ್ದರೆ ಮೊದಲ ತುಂಡಿನ ಬಳಿಕ ಇನ್ನಾರದೋ ಬರಹವು ಸೇರಿಕೊಂಡಿರುವುದುಂಟು.

ಇಷ್ಟರಿಂದ ಕೆಲಸ ಮುಗಿಯಿತೆಂದು ನಾವು ಭಾವಿಸಿದ್ದೆವು. ಕಡತವನ್ನು ತೆರೆದು ನೋಡಿದಾಗ ಕಂಡದ್ದು ರೋಮನ್ ಅಕ್ಷರಗಳು, ಪೌಂಡ್ ಹಣದ ಚಿಹ್ನೆಗಳು, ನೆತ್ತಿಯ ಮೇಲೆ ಗೆರೆ ಚುಕ್ಕಿಗಳನ್ನು ಹೊತ್ತ ಯೂರೋಪಿನ ಸ್ವರಗಳು. ಉಪಾಧ್ಯಾಯರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಡತವು ಕೆಟ್ಟಿರಲಿಲ್ಲ. ಅದನ್ನು ಬರೆದದ್ದು ಅಂದಿನ ನುಡಿ ತಂತ್ರಾಂಶದಲ್ಲಿ.

ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನವಿತ್ತಾದರೂ ಅದು ನಮ್ಮ ಮೇಜಿನ ಮೇಲಿನ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಈ ಮಧ್ಯೆ ಕನ್ನಡದ ಬರಹಗಾರರನ್ನು ಸಲಹಿದ್ದು ನುಡಿ, ಬರಹ, ಶ್ರೀಲಿಪಿ ಮುಂತಾದವು. ಇವುಗಳ ಅಂದಿನ ಫಾಂಟುಗಳು ಅಕ್ಷರದ ಧ್ವನಿಯನ್ನಲ್ಲ, ಆಕಾರದ ತುಣುಕುಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುತ್ತಿದ್ದವು. ಇಂಗ್ಲಿಷಿಗೂ ಯೂರೋಪಿನ ಭಾಷೆಗಳಿಗೂ ಮೀಸಲಾದ ಸಂಕೇತಗಳ ಮನೆಗಳಲ್ಲಿ ಕನ್ನಡದ ತುಣುಕುಗಳು ಬಾಡಿಗೆಗೆ ಇದ್ದವೆಂದರೂ ಸಲ್ಲುತ್ತದೆ. ನುಡಿಯಲ್ಲಿ ‘ಕ’ ಎಂಬುದು ಒಂದು ಸಂಕೇತವಲ್ಲ. ತಲೆಕಟ್ಟಿಲ್ಲದ ಒಡಲೊಂದು, ತಲೆಕಟ್ಟೊಂದು, ಹೀಗೆ ಎರಡು. ‘ಕನ್ನಡ’ ಎಂಬ ಪದವು ಯೂನಿಕೋಡಿನಲ್ಲಿ ಐದು ಸಂಕೇತಗಳಾದರೆ ನುಡಿಯಲ್ಲಿ ಏಳು. ‘ಮ’ಕಾರವು ‘ವ’ಕಾರದ ಒಡಲು, ತಲೆಕಟ್ಟು, ಬಲಗಡೆಯ ಕೊಂಬು ಎಂದು ಮೂರಾಗುವುದು, ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟದವರ ಜಾಣತನವನ್ನು ಇದು ನೆನಪಿಗೆ ತರುತ್ತದೆ.

ಫಾಂಟು ಇಲ್ಲದ ಗಣಕದಲ್ಲಿ ಆ ಸಂಕೇತಗಳು ತಮ್ಮ ಮೂಲದ ರೋಮನ್ ವೇಷದಲ್ಲಿ ಕಾಣಿಸಿಕೊಳ್ಳುವುದು ಸಹಜ. ಹಳೆಯ ಫಾಂಟನ್ನು ಸ್ಥಾಪಿಸಿದರೆ ಓದಬಹುದು; ಆದರೆ ಶಾಶ್ವತವಾಗಿ ಉಳಿಯಬೇಕಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಇದು ಒಂದಕ್ಕೊಂದನ್ನು ಬದಲಿಸುವ ಸರಳ ಕಾರ್ಯವಲ್ಲ. ‘ಕರ್ನಾಟಕ’ದಲ್ಲಿ ರೇಫವನ್ನು ನಾವು ‘ನಾ’ ಎಂಬುದಕ್ಕಿಂತ ಮೊದಲು ಉಚ್ಚರಿಸಿದರೂ ಅರ್ಕಾವೊತ್ತನ್ನು ಬರೆಯುವುದು ಅದರ ತರುವಾಯ. ನುಡಿಯ ಕಡತವು ಬರೆಯುವ ಕ್ರಮವನ್ನು ಅನುಸರಿಸುತ್ತದೆ, ಯೂನಿಕೋಡು ಉಚ್ಚಾರದ ಕ್ರಮವನ್ನು. ಪರಿವರ್ತಕವು ಅರ್ಕಾವೊತ್ತನ್ನು ಕಂಡಲ್ಲೆಲ್ಲ ಹಿಂದಕ್ಕೆ ನಡೆದು ರೇಫವನ್ನು ಅದರ ಸ್ಥಾನದಲ್ಲಿ ಕೂರಿಸಬೇಕು. ಉಚಿತವಾಗಿ ದೊರೆಯುವ ಪರಿವರ್ತಕಗಳು ಇದನ್ನು ಚೆನ್ನಾಗಿಯೇ ನಿರ್ವಹಿಸುತ್ತವೆ. ಅವು ಸೋಲುವುದು ಮಿಶ್ರಬರಹದಲ್ಲಿ. ಉಪಾಧ್ಯಾಯರು ಜಮೀನಿನ ಸರ್ವೆ ವಿವರಗಳನ್ನು ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದರು. ಅವನ್ನೂ ಕನ್ನಡದ ತುಣುಕುಗಳೆಂದೇ ಬಗೆದು ಪರಿವರ್ತಕವು ಅರ್ಥವಿಲ್ಲದ ಒತ್ತಕ್ಷರಗಳ ರಾಶಿಯನ್ನು ಮಾಡಿತು. ಯಾರಿಗೆ ಎಷ್ಟು ಎಕರೆ ಮುಳುಗಿತೆಂಬ ವಿಷಯವೇ ಅಲ್ಲಿದ್ದುದರಿಂದ ಅಂತಹ ಪ್ರತಿಯೊಂದು ಸಾಲನ್ನೂ ಮೂಲದೊಡನೆ ಕಣ್ಣಿಟ್ಟು ತಾಳೆನೋಡಿದೆವು.

ಈ ತೊಡಕೇ ಒಂದು ಉಪಕಾರವನ್ನೂ ಮಾಡಿತು. ನಮ್ಮ ತಪ್ಪಿನಿಂದ ಹೆಸರಳಿದ ಕಡತಗಳಲ್ಲಿ ಕೆಲವನ್ನು ಫೋಟೋರೆಕ್ ಹಿಡಿಯಲಾರದೆ ಹೋಯಿತು. ಆಗ ಡಿಸ್ಕಿನ ಪ್ರತಿಯಲ್ಲಿ ‘ಶರಾವತಿ’ ಎಂಬ ಪದವನ್ನೇ ನೇರವಾಗಿ ಹುಡುಕಲು ನಿಶ್ಚಯಿಸಿದೆವು. ಯೂನಿಕೋಡಿನಲ್ಲಿ ಹುಡುಕಿದ್ದರೆ ಒಂದೂ ಸಿಗುತ್ತಿರಲಿಲ್ಲ. ನುಡಿಯಲ್ಲಿ ಆ ಪದವು ಏಳು ಸಂಕೇತಗಳು: ‘ಶ’ಕಾರದ ಒಡಲು, ತಲೆಕಟ್ಟು, ‘ರ’ಕಾರದ ಒಡಲು, ದೀರ್ಘದ ಚಿಹ್ನೆ, ‘ವ’ಕಾರದ ಒಡಲು, ತಲೆಕಟ್ಟು, ಮತ್ತು ‘ತಿ’ ಎಂಬ ಒಂದೇ ತುಣುಕು. ಅಂದಿನ ವರ್ಡ್ ಕಡತಗಳು ಒಂದು ಸಂಕೇತವನ್ನು ಕೆಲವೆಡೆ ಒಂದು ಬೈಟಿನಲ್ಲಿಯೂ ಕೆಲವೆಡೆ ಎರಡು ಬೈಟುಗಳಲ್ಲಿಯೂ ಇಡುತ್ತಿದ್ದುದರಿಂದ ಎರಡು ಬಗೆಯಲ್ಲಿಯೂ ಹುಡುಕಬೇಕಾಯಿತು. ಸಂಜೆಯ ಹೊತ್ತಿಗೆ ಖಾಲಿಯೆಂದು ಗುರುತಾಗಿದ್ದ ಜಾಗಗಳಿಂದ ಸಾಲುಗಳು ಒಂದೊಂದಾಗಿ ಮೇಲೆದ್ದು ಬಂದವು. ಹಲವು ಸಾಲುಗಳು, ಬರೆಯುತ್ತಿರುವಾಗ ವರ್ಡ್ ತಾನೇ ಮಾಡಿಟ್ಟುಕೊಂಡಿದ್ದ ತಾತ್ಕಾಲಿಕ ಪ್ರತಿಗಳಲ್ಲಿದ್ದವು.

ಉಪಾಧ್ಯಾಯರ ನೆನಪಿನ ಪಟ್ಟಿಯಲ್ಲಿದ್ದ 41 ಕಡತಗಳಲ್ಲಿ 38 ಪೂರ್ಣವಾಗಿ ದೊರೆತವು. ಎರಡರ ಸುಳಿವೇ ಸಿಗಲಿಲ್ಲ. ಇನ್ನುಳಿದ ಒಂದು, ಊರು ಬಿಟ್ಟ ದಿನದ ಬೆಳಿಗ್ಗೆಯನ್ನು ಕುರಿತು ಒಬ್ಬ ಅಜ್ಜಿಯು ಹೇಳಿದ್ದು. ಲಾರಿಗೆ ಪಾತ್ರೆಗಳನ್ನು ಏರಿಸಿಯಾದ ಮೇಲೆ ಕೊಟ್ಟಿಗೆಯ ಕಡೆಗೆ ಹಿಂದಿರುಗಿದೆ ಎಂಬಲ್ಲಿಗೆ ವಾಕ್ಯವು ಕಡಿದು, ಮುಂದೆ ಯಾವುದೋ ಚಿತ್ರದ ಬೈಟುಗಳು ತುಂಬಿಕೊಂಡಿದ್ದವು. ಉಪಾಧ್ಯಾಯರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನದನ್ನು ತಮಗೆ ನೆನಪಿದ್ದಷ್ಟು ಹೇಳಿದರು. ಅದನ್ನು ಕಾಗದದ ಮೇಲೆ ಬರೆದುಕೊಂಡೆವು. ಅದು ಅಜ್ಜಿಯ ಮಾತಲ್ಲ, ಉಪಾಧ್ಯಾಯರ ಸ್ಮರಣೆಯೆಂದು ತಾರೀಖಿನೊಡನೆ ಕಾಣಿಸಿ, ಕಡಿದ ಕಡತದ ಜೊತೆಯಲ್ಲಿ ಬೇರೆಯಾಗಿಯೇ ಇರಿಸಿದ್ದೇವೆ. ಎಲ್ಲದರ ಪ್ರತಿಗಳು ಈಗ ಮೂರು ಕಡೆ ಇವೆ: ನಮ್ಮ ವಿಭಾಗದಲ್ಲಿ ಒಂದು, ಉಪಾಧ್ಯಾಯರ ಮನೆಯಲ್ಲಿ ಒಂದು, ಮತ್ತು ಅವರ ಇಚ್ಛೆಯಂತೆ ಅಚ್ಚುಹಾಕಿಸಿ ರಟ್ಟು ಕಟ್ಟಿಸಿದ ಒಂದು ಪ್ರತಿ, ಆ ಅಜ್ಜಿಯ ಮೊಮ್ಮಕ್ಕಳಲ್ಲಿ.